ರೇಷ್ಮೆಹುಳು ಸಾಕುವ ಮನೆಗಳಲ್ಲಿ ಬಿಸಿ ಮತ್ತು ತಂಪಿನ ಏರ್ಪಾಡು

ಮೈಸೂರು ಸೀಮೆಯಲ್ಲಿ ಹಿಪ್ಪುನೇರಳೆಯ ಬೇಸಾಯವೂ ರೇಷ್ಮೆಹುಳುಗಳ ಸಾಕಣೆಯೂ ಟಿಪ್ಪು ಸುಲ್ತಾನನ ಆಳಿಕೆಯ ಕಾಲದಿಂದ, ಎಂದರೆ ಹದಿನೆಂಟನೆಯ ಶತಮಾನದ ಕೊನೆಯ ಭಾಗದಿಂದ, ನಡೆದುಬಂದಿರುವ ಕಸುಬುಗಳು. ಕೋಲಾರ, ಚಿಕ್ಕಬಳ್ಳಾಪುರ, ರಾಮನಗರ, ಮಂಡ್ಯ, ಚಾಮರಾಜನಗರ ಮೊದಲಾದ ಪ್ರಾಂತ್ಯಗಳಲ್ಲಿ ಅನೇಕ ಕುಟುಂಬಗಳು ಈ ಕಸುಬಿನಿಂದಲೇ ಜೀವಿಸುತ್ತಿರುವುವು. ತೋಟದ ಸೊಪ್ಪು ಎಷ್ಟೇ ಸೊಗಸಾಗಿ ಬೆಳೆದಿರಲಿ, ಮೊಟ್ಟೆಗಳು ಎಷ್ಟೇ ಶುದ್ಧವಾಗಿರಲಿ, ಹುಳು ಮನೆಯ ಹವೆಯು ಕೆಟ್ಟಿತೆಂದರೆ ಇಪ್ಪತ್ತೈದು ದಿವಸಗಳ ಶ್ರಮವು ಎರಡು ಮೂರು ರಾತ್ರಿಗಳಲ್ಲಿ ನಿಷ್ಫಲವಾಗುವುದು. ಬೆಳೆ ಕೆಟ್ಟಾಗ ಬೀಜವನ್ನು ದೂರುವ ರೂಢಿಯುಂಟು. ಆದರೆ ದೋಷವು ಅನೇಕ ವೇಳೆ ಮನೆಯ ಚಾವಣಿಯಲ್ಲಿಯೂ ಮುಚ್ಚಿದ ಕಿಟಕಿಯಲ್ಲಿಯೂ ಇರುವುದು.

ಹಿಂದೆ ಮೈಸೂರು ತಳಿಯ ಹುಳುಗಳನ್ನು ಮಾತ್ರವೇ ಸಾಕುತ್ತಿದ್ದಾಗ ಈ ವಿಷಯದಲ್ಲಿ ಸ್ವಲ್ಪ ಉದಾಸೀನವು ನಡೆಯುತ್ತಿತ್ತು. ಆ ತಳಿಯು ಈ ದೇಶದ ಸೆಖೆಗೆ ಒಗ್ಗಿದ್ದು, ಗೂಡು ಚಿಕ್ಕದು, ಎಳೆಯ ಉದ್ದವೂ ಕಡಿಮೆ. ಮೈಸೂರಿನಲ್ಲಿ ೧೯೬೧ರಲ್ಲಿ ಸ್ಥಾಪಿತವಾದ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯು ೧೯೯೦ರ ದಶಕದಲ್ಲಿ ಜಪಾನಿನ ತಜ್ಞರ ಸಹಕಾರದಿಂದ ಬಿಳಿಗೂಡಿನ ದ್ವಿತಳಿಗಳನ್ನು ಸಿದ್ಧಪಡಿಸಿದ ಮೇಲೆ ಸ್ಥಿತಿಯು ಬದಲಾಯಿತು. ದ್ವಿತಳಿಯ ಒಂದು ಗೂಡಿನಲ್ಲಿ ಸಾವಿರ ಮೀಟರಿನ ಆಸುಪಾಸು ಎಳೆಯು ದೊರೆಯುವುದು, ಬೆಲೆಯೂ ಹೆಚ್ಚು. ಆದರೆ ಸೆಖೆಯನ್ನು ತಾಳುವ ಶಕ್ತಿಯು ಈ ಹುಳುಗಳಿಗೆ ಬಹಳ ಕಡಿಮೆ. ಹೆಚ್ಚಿನ ಲಾಭವನ್ನು ಬಯಸುವವರು ಹೆಚ್ಚಿನ ಎಚ್ಚರಿಕೆಯನ್ನೂ ವಹಿಸಬೇಕಾಗಿದೆ.

ಈಗ ಪೇಟೆಗಳಲ್ಲಿ ವಿದ್ಯುತ್ ಹೀಟರುಗಳೂ, ನೀರಿನ ಕೂಲರುಗಳೂ, ಹವಾನಿಯಂತ್ರಕ ಯಂತ್ರಗಳೂ ನಾನಾ ಬಗೆಯಲ್ಲಿ ದೊರೆಯುತ್ತವೆ. ಅವುಗಳನ್ನು ಕೊಳ್ಳುವುದಕ್ಕೆ ಮುಂಚೆ ಗಮನಿಸಬೇಕಾದ ಕ್ರಮವು ಒಂದುಂಟು. ಮೊದಲು ಅಳತೆ, ಆಮೇಲೆ ಕಟ್ಟಡ, ಕಡೆಗೆ ಯಂತ್ರ. ಈ ಕ್ರಮವನ್ನು ತಲೆಕೆಳಗು ಮಾಡಿದವರು ಹಣವನ್ನೂ ಬೆಳೆಯನ್ನೂ ಒಟ್ಟಿಗೆ ಕಳೆದುಕೊಳ್ಳುವ ಸಂಭವವಿದೆ.

ಹುಳುವಿನ ಸ್ವಭಾವ

ದನಕರುಗಳಂತೆ ತನ್ನ ಮೈಯ ಬಿಸಿಯನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿಯು ರೇಷ್ಮೆಹುಳುವಿಗೆ ಇಲ್ಲ. ಸುತ್ತಲಿನ ಹವೆಯು ಬಿಸಿಯಾದರೆ ಅದರ ಮೈಯೂ ಬಿಸಿಯಾಗುವುದು, ತಣ್ಣಗಾದರೆ ಮೈಯೂ ತಣ್ಣಗಾಗುವುದು. ಸಾವಿರಾರು ವರ್ಷಗಳಿಂದ ಮನುಷ್ಯನ ಆಶ್ರಯದಲ್ಲಿಯೇ ಬೆಳೆದುಬಂದಿರುವುದರಿಂದ ನೆರಳನ್ನೋ ಬಿಸಿಯನ್ನೋ ಅರಸಿಕೊಂಡು ಹೋಗುವ ಅಭ್ಯಾಸವೂ ಅದಕ್ಕಿಲ್ಲ. ಉಷ್ಣತೆಯು ೨೦ ಡಿಗ್ರಿಗಿಂತ ಕೆಳಗಿಳಿದರೆ ಹುಳು ಸೊಪ್ಪನ್ನು ಸರಿಯಾಗಿ ತಿನ್ನದೆ, ಜ್ವರಕ್ಕೆ ಹೋಗುವುದು ತಡವಾಗಿ, ಒಂದೇ ತಟ್ಟೆಯಲ್ಲಿ ದೊಡ್ಡವೂ ಚಿಕ್ಕವೂ ಬೆರೆತುಹೋಗುವುವು. ೩೦ ಡಿಗ್ರಿಗಿಂತ ಮೇಲೇರಿದರೆ ಹುಳುವಿನ ಆರೋಗ್ಯವೇ ಕುಂದಿ, ಹಾಲು ತೊಂಡೆ ಮತ್ತು ಸಪ್ಪೆ ರೋಗಗಳಿಗೆ ಎಡೆಯಾಗುವುದು.

ಬಿಸಿಯಷ್ಟೇ ಮುಖ್ಯವಾದುದು ಹವೆಯ ತೇವ. ಹವೆ ಒಣಗಿದ್ದರೆ ತಟ್ಟೆಯಲ್ಲಿ ಹರಡಿದ ಸೊಪ್ಪು ಬೇಗನೆ ಬಾಡಿ, ಹುಳು ಅರೆಹೊಟ್ಟೆಯಲ್ಲಿ ಉಳಿಯುವುದು. ತೇವವು ಅತಿಯಾದರೆ ಹಾಸಿಗೆಯಲ್ಲಿ ಕಸವು ಕೊಳೆತು, ಚಳಿಯೂ ಕೂಡಿದಾಗ ಸುಣ್ಣಕಟ್ಟು ರೋಗದ ಬೂಷ್ಟು ಹಬ್ಬುವುದು. ಹುಳುವಿನ ಪ್ರಾಯಕ್ಕೆ ತಕ್ಕಂತೆ ಬೇಕಾಗುವ ಉಷ್ಣತೆ (ಸೆಂಟಿಗ್ರೇಡ್ ಡಿಗ್ರಿಗಳಲ್ಲಿ) ಮತ್ತು ತೇವ (ನೂರಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ) ಹೀಗಿರುವುವು:

ಒಂದನೆಯ ಹಂತ: ಉಷ್ಣತೆ ೨೮, ತೇವ ೮೫ರಿಂದ ೯೦
ಎರಡನೆಯ ಹಂತ: ಉಷ್ಣತೆ ೨೭, ತೇವ ೮೫
ಮೂರನೆಯ ಹಂತ: ಉಷ್ಣತೆ ೨೬, ತೇವ ೮೦
ನಾಲ್ಕನೆಯ ಹಂತ: ಉಷ್ಣತೆ ೨೫, ತೇವ ೭೦ರಿಂದ ೭೫
ಐದನೆಯ ಹಂತ: ಉಷ್ಣತೆ ೨೪, ತೇವ ೬೫ರಿಂದ ೭೦

ಹುಳು ಬೆಳೆದಂತೆಲ್ಲಾ ಬಿಸಿಯನ್ನೂ ತೇವವನ್ನೂ ಇಳಿಸುತ್ತಾ ಬರಬೇಕೆಂಬುದು ಈ ಪಟ್ಟಿಯಿಂದ ವ್ಯಕ್ತವಾಗುವುದು. ಎಳೆಯ ಹುಳುವಿಗೆ ಹಿತವಾದ ಹವೆಯು ಬೆಳೆದ ಹುಳುವಿಗೆ ಉಬ್ಬಸವಾಗುವುದು. ಆದುದರಿಂದ ಚಾಕಿ ಹುಳುಗಳನ್ನೂ ದೊಡ್ಡ ಹುಳುಗಳನ್ನೂ ಒಂದೇ ಕೋಣೆಯಲ್ಲಿ ಇಡುವುದು ಯುಕ್ತವಲ್ಲ. ಹುಳುಗಳು ಜ್ವರದಲ್ಲಿರುವಾಗ ತೇವವನ್ನು ೭೦ರ ಸುಮಾರಿಗೆ ತಗ್ಗಿಸಿ ಹಾಸಿಗೆಯನ್ನು ಒಣಗಿಡತಕ್ಕದ್ದು. ಹಣ್ಣು ಹುಳುಗಳನ್ನು ಚಂದ್ರಿಕೆಗೆ ಬಿಟ್ಟ ಮೇಲೆ ೨೪ ಅಥವಾ ೨೫ ಡಿಗ್ರಿ ಉಷ್ಣತೆಯೂ, ೬೦ರಿಂದ ೬೫ರ ತೇವವೂ, ಧಾರಾಳವಾದ ಗಾಳಿಯೂ ಇರಬೇಕು. ಆಗ ಹವೆಯು ಒದ್ದೆಯಾಗಿದ್ದರೆ ಗೂಡಿನ ಎಳೆಯು ನೂಲು ಬಿಚ್ಚುವಾಗ ಪದೇ ಪದೇ ತುಂಡಾಗಿ, ಮಾರುಕಟ್ಟೆಯಲ್ಲಿ ಬೆಲೆ ಇಳಿಯುವುದು.

ಅಳತೆಯ ಸಲಕರಣೆ

ಮೈಗೆ ಬೆಚ್ಚಗೆ ತೋರಿತು, ತಣ್ಣಗೆ ತೋರಿತು ಎಂಬ ಅಂದಾಜನ್ನು ನಂಬಿ ಹುಳು ಸಾಕಕೂಡದು. ಒಣ ಬುರುಡೆ ಮತ್ತು ಒದ್ದೆ ಬುರುಡೆ ಎಂಬ ಎರಡು ಉಷ್ಣಮಾಪಕಗಳನ್ನು ಒಂದೇ ಹಲಗೆಗೆ ಜೋಡಿಸಿದ ಉಪಕರಣವು ಪ್ರತಿಯೊಂದು ಹುಳು ಮನೆಯಲ್ಲಿಯೂ ಇರತಕ್ಕದ್ದು. ಒಣ ಬುರುಡೆಯು ಕೋಣೆಯ ಉಷ್ಣತೆಯನ್ನು ತೋರಿಸುವುದು. ಮತ್ತೊಂದರ ಬುರುಡೆಗೆ ನೀರಿನಲ್ಲಿ ಅದ್ದಿದ ಹತ್ತಿಯ ಬತ್ತಿಯನ್ನು ಸುತ್ತಿರುವುದರಿಂದ, ನೀರು ಆರುವಾಗ ಅದು ತಣ್ಣಗಾಗಿ ಕಡಿಮೆ ಅಂಕಿಯನ್ನು ತೋರಿಸುವುದು. ಎರಡು ಅಂಕಿಗಳ ನಡುವಣ ಅಂತರವು ಹೆಚ್ಚಾದಷ್ಟೂ ಹವೆಯು ಒಣಗಿದೆಯೆಂದೂ, ಕಡಿಮೆಯಾದಷ್ಟೂ ತೇವದಿಂದ ಕೂಡಿದೆಯೆಂದೂ ತಿಳಿಯಬೇಕು.

ಉಪಕರಣವನ್ನು ಒಲೆಯ ಬಳಿಯಲ್ಲಾಗಲಿ, ಕಿಟಕಿಯ ಎದುರಿಗಾಗಲಿ ತೂಗುಹಾಕದೆ, ಹುಳುವಿನ ತಟ್ಟೆಗಳ ಎತ್ತರದಲ್ಲಿ ಇರಿಸಬೇಕು. ಬತ್ತಿಗೆ ಮಳೆಯ ನೀರನ್ನೋ ಬಟ್ಟಿಯಿಳಿಸಿದ ನೀರನ್ನೋ ಉಪಯೋಗಿಸುವುದು ಒಳ್ಳೆಯದು. ಕೊಳವೆಬಾವಿಯ ಗಡಸು ನೀರಿನಿಂದ ಬತ್ತಿಯ ಮೇಲೆ ಸುಣ್ಣದ ಪೊರೆ ಕಟ್ಟಿ ಅಂಕಿ ತಪ್ಪುವುದು. ಬೆಳಗಿನ ಜಾವದಲ್ಲಿ, ಮಧ್ಯಾಹ್ನ ಎರಡು ಗಂಟೆಗೆ, ರಾತ್ರಿ ಮಲಗುವ ಮುನ್ನ, ಹೀಗೆ ದಿನಕ್ಕೆ ಮೂರು ಸಲ ಅಂಕಿಗಳನ್ನು ಗೋಡೆಯ ಮೇಲಿನ ಹಾಳೆಯಲ್ಲಿ ಬರೆದಿಡತಕ್ಕದ್ದು. ಒಂದು ವರ್ಷದ ಇಂತಹ ಬರಹವು ಆ ಮನೆಗೆ ಯಾವ ಯಂತ್ರ ಬೇಕು, ಯಾವುದು ಬೇಡ ಎಂಬುದನ್ನು ಅಂಗಡಿಯವನಿಗಿಂತ ಚೆನ್ನಾಗಿ ತಿಳಿಸುವುದು.

ಕಟ್ಟಡ

ಬಿಸಿಲು ಒಳಕ್ಕೆ ಬಂದ ಮೇಲೆ ಅದನ್ನು ಹೊರದೂಡುವುದಕ್ಕಿಂತ, ಬಾರದಂತೆ ತಡೆಯುವುದು ಸುಲಭವೂ ಅಗ್ಗವೂ ಆಗಿದೆ. ಮನೆಯ ಉದ್ದವು ಪೂರ್ವ ಪಶ್ಚಿಮವಾಗಿದ್ದರೆ ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲು ಮೋಟು ಗೋಡೆಗಳ ಮೇಲೆ ಮಾತ್ರ ಬೀಳುವುದು. ಸುತ್ತಲೂ ಜಗಲಿಯಿದ್ದರೆ ಗೋಡೆಗಳಿಗೆ ನೆರಳಾಗುವುದಲ್ಲದೆ, ಕಿಟಕಿಗಳನ್ನು ಮಳೆಯಲ್ಲಿಯೂ ತೆರೆದಿಡಬಹುದು.

ಚಾವಣಿಯ ವಿಷಯದಲ್ಲಿ ಹೆಚ್ಚಾಗಿ ಯೋಚಿಸಬೇಕು. ಕಲ್ನಾರಿನ ಶೀಟು ಮತ್ತು ತಗಡು ಮಧ್ಯಾಹ್ನ ಕೆಂಡದಂತೆ ಕಾದು, ರಾತ್ರಿ ಬೇಗನೆ ತಣ್ಣಗಾಗುವುವು. ಹುಳುವಿಗೆ ಎರಡೂ ಕೆಡುಕೇ. ಕಾಂಕ್ರೀಟಿನ ತಾರಸಿಯು ಹಗಲಿನ ಬಿಸಿಯನ್ನು ಹೀರಿಟ್ಟುಕೊಂಡು ಸಂಜೆಯಿಂದ ನಡುರಾತ್ರಿಯವರೆಗೆ ಒಳಕ್ಕೆ ಬಿಡುವುದು. ಮಂಗಳೂರು ಹೆಂಚಿನ ಮಾಡು, ಅದರ ಕೆಳಗೆ ಬಿದಿರಿನ ಚಾಪೆಯ ಅಥವಾ ಹಲಗೆಯ ಒಳಮಾಡು ಇದ್ದರೆ ನಡುವಣ ಗಾಳಿಯೇ ಬಿಸಿಗೆ ತಡೆಯಾಗುವುದು. ಶೀಟಿನ ಮನೆಯನ್ನು ಈಗಾಗಲೇ ಕಟ್ಟಿಸಿರುವವರು ನಿರಾಶರಾಗಬೇಕಾಗಿಲ್ಲ. ಮೇಲೆ ತೆಂಗಿನ ಗರಿಯ ಹೊದಿಕೆಯನ್ನು ಹಾಸಿ, ಕೆಳಗೆ ಒಳಮಾಡನ್ನು ಕಟ್ಟಿದರೆ ಬಹುಮಟ್ಟಿಗೆ ದೋಷವು ತಗ್ಗುವುದು. ತಾರಸಿಗೆ ಪ್ರತಿವರ್ಷವೂ ಬೇಸಿಗೆಗೆ ಮುಂಚೆ ಬಿಳಿ ಸುಣ್ಣವನ್ನು ಬಳಿದರೆ ಬಿಸಿಲಿನ ಬಹುಭಾಗವು ಹಿಂದಿರುಗಿ ಹೋಗುವುದು.

ಬಿಸಿಗಾಳಿಯು ಮೇಲಕ್ಕೇರುವ ಕಾರಣ, ಮಾಡಿನ ಹತ್ತಿರ ಗವಾಕ್ಷಿಗಳೂ, ನೆಲದ ಹತ್ತಿರ ತಣ್ಣನೆಯ ಗಾಳಿ ಬರುವ ಕಂಡಿಗಳೂ ಇರಬೇಕು. ೧೯೮೦ರಲ್ಲಿ ಈ ರಾಜ್ಯಕ್ಕೆ ಊಜಿ ನೊಣವು ಬಂದ ಮೇಲೆ ಕಿಟಕಿ ಬಾಗಿಲುಗಳಿಗೆಲ್ಲಾ ಸಣ್ಣ ಕಣ್ಣಿನ ಜಾಲರಿಯನ್ನು ಹಾಕುವುದು ಅವಶ್ಯಕವಾಯಿತು. ಜಾಲರಿಯು ನೊಣವನ್ನು ತಡೆಯುವಂತೆ ಗಾಳಿಯನ್ನೂ ಸ್ವಲ್ಪ ತಡೆಯುವುದು. ಆದಕಾರಣ ಹೊಸದಾಗಿ ಕಟ್ಟಿಸುವವರು ಕಿಟಕಿಗಳನ್ನು ಹಿಂದಿಗಿಂತ ದೊಡ್ಡದಾಗಿ ಇಡತಕ್ಕದ್ದು. ಜಾಲರಿಗೆ ಹತ್ತಿದ ಧೂಳನ್ನು ಪ್ರತಿ ಬೆಳೆಯ ಕೊನೆಯಲ್ಲಿ ತೊಳೆಯಬೇಕು.

ಚಳಿಗಾಲದಲ್ಲಿ ಬಿಸಿ

ಮಾರ್ಗಶಿರ ಪುಷ್ಯ ಮಾಸಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರದ ಕಡೆ ರಾತ್ರಿಯ ಉಷ್ಣತೆಯು ೧೫ ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. ಆಗ ಚಾಕಿ ಕೋಣೆಗೆ ಬಿಸಿ ಒದಗಿಸದೆ ಗತ್ಯಂತರವಿಲ್ಲ. ಹಿಂದಿನಿಂದಲೂ ಇದಕ್ಕಾಗಿ ಇದ್ದಲಿನ ಒಲೆಯನ್ನು ಬಳಸುವ ಪದ್ಧತಿಯುಂಟು. ಇದರಲ್ಲಿರುವ ಅಪಾಯವನ್ನು ಎಲ್ಲರೂ ತಿಳಿದಿರತಕ್ಕದ್ದು.

ಇದ್ದಲು ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯುವು ಹುಟ್ಟುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಾಣಿಸದಿದ್ದರೂ, ಕೆಂಡವು ಕೆಂಪಗೆ ಹೊಳೆಯುತ್ತಿದ್ದರೂ ವಿಷವು ಹೊರಡುತ್ತಲೇ ಇರುವುದು. ಮುಚ್ಚಿದ ಕೋಣೆಯಲ್ಲಿ ಬೆಂಕಿಯನ್ನು ಕಾಯುತ್ತಾ ಮಲಗಿದವನಿಗೆ ತಲೆನೋವು, ತಲೆಸುತ್ತು, ವಾಕರಿಕೆ ತೋರಿ, ನಿದ್ರೆಯಲ್ಲಿಯೇ ಪ್ರಜ್ಞೆ ತಪ್ಪಿ ಪ್ರಾಣ ಹೋಗುವುದುಂಟು. ಹುಳುಗಳಿಗೂ ಅದೇ ವಾಯು ಹಾನಿಕರವು. ಬಾಗಿಲಿನ ಸಂದುಗಳಿಗೆ ಬಟ್ಟೆ ತುರುಕಿ, ಕೆಂಡದ ಒಲೆಯ ಪಕ್ಕದಲ್ಲಿ ಆಳನ್ನೋ ಮನೆಯ ಹುಡುಗನನ್ನೋ ರಾತ್ರಿ ಮಲಗಿಸುವ ಅಭ್ಯಾಸವನ್ನು ಜಮೀನುದಾರರು ಇಂದೇ ನಿಲ್ಲಿಸತಕ್ಕದ್ದು. ಒಂದು ಬೆಳೆಯ ಗೂಡಿಗಾಗಿ ಒಬ್ಬ ಮನುಷ್ಯನ ಜೀವವನ್ನು ಪಣಕ್ಕಿಡುವುದು ಯಾವ ಲೆಕ್ಕದಲ್ಲಿಯೂ ಸರಿಯಲ್ಲ. ಇದ್ದಲಿನ ಹೊರತು ಬೇರೆ ದಾರಿಯೇ ಇಲ್ಲದ ಕಡೆ, ಒಲೆಯನ್ನು ಕೋಣೆಯ ಹೊರಗೆ ಹೊತ್ತಿಸಿ, ಹೊಗೆಯು ಕೊಳವೆಯ ಮೂಲಕ ಕೋಣೆಯನ್ನು ಹಾದು ಮಾಡಿನಿಂದ ಹೊರಕ್ಕೆ ಹೋಗುವಂತೆ ಏರ್ಪಡಿಸಬಹುದು. ಕೊಳವೆಯ ಕೀಲುಗಳು ಬಿಗಿಯಾಗಿರಬೇಕು. ಆಗ ಕೊಳವೆಯ ಬಿಸಿ ಮಾತ್ರ ಒಳಗೆ ಉಳಿಯುವುದು. ಹೀಗೆ ಮಾಡಿದಾಗಲೂ ಗವಾಕ್ಷಿಯನ್ನು ಪೂರ್ತಿಯಾಗಿ ಮುಚ್ಚಕೂಡದು, ಒಳಗೆ ಯಾರೂ ಮಲಗಕೂಡದು.

ವಿದ್ಯುತ್ ಹೀಟರಿನಲ್ಲಿ ಈ ವಿಷದ ಭಯವಿಲ್ಲ. ಕೊಳ್ಳುವಾಗ, ಬೇಕಾದ ಉಷ್ಣತೆ ಬಂದೊಡನೆ ತಾನಾಗಿಯೇ ನಿಲ್ಲುವ ಥರ್ಮೋಸ್ಟಾಟ್ ಇರುವುದನ್ನೇ ಆರಿಸಬೇಕು. ೨೦೦೦ ವಾಟಿನ ಹೀಟರು ಹತ್ತು ಗಂಟೆ ಬಿಡದೆ ಉರಿದರೆ ೨೦ ಯೂನಿಟ್ಟು ಖರ್ಚಾಗುವುದು. ಬಿಗಿಯಾದ ಚಿಕ್ಕ ಕೋಣೆಯಲ್ಲಿ ಅದು ನಡುನಡುವೆ ನಿಲ್ಲುವುದರಿಂದ ಖರ್ಚು ಬಹಳ ತಗ್ಗುವುದು. ಚಾಕಿ ಹುಳುಗಳಿಗೆ ಸ್ಥಳವು ಸ್ವಲ್ಪವೇ ಸಾಕಾಗಿರುವಾಗ ಇಡೀ ಮನೆಯನ್ನು ಬಿಸಿ ಮಾಡುವುದು ವ್ಯರ್ಥವು.

ಇನ್ನೊಂದು ಸಂಗತಿಯನ್ನು ಮರೆಯಕೂಡದು. ಹವೆಯನ್ನು ಬಿಸಿ ಮಾಡಿದಷ್ಟೂ ಅದು ಒಣಗುವುದು. ೧೬ ಡಿಗ್ರಿಯಲ್ಲಿ ನೂರಕ್ಕೆ ೮೦ರ ತೇವವಿದ್ದ ಹವೆಯನ್ನು ೨೭ ಡಿಗ್ರಿಗೆ ಕಾಯಿಸಿದರೆ ತೇವವು ಸುಮಾರು ೪೦ಕ್ಕೆ ಇಳಿಯುವುದು. ಚಾಕಿ ಹುಳುವಿಗೆ ಬೇಕಾದುದು ೮೫. ಆದುದರಿಂದ ಹೀಟರಿನ ಸಂಗಡ ಅಗಲ ಬಾಯಿಯ ಪಾತ್ರೆಯಲ್ಲಿ ನೀರನ್ನೂ, ಒದ್ದೆಮಾಡಿದ ಗೋಣಿಪರದೆಗಳನ್ನೂ ಇಡುವುದು, ತಟ್ಟೆಗಳ ಮೇಲೆ ಕೆಳಗೆ ಮೇಣದ ಕಾಗದವನ್ನು ಹೊದಿಸಿ ಅಂಚಿಗೆ ಒದ್ದೆಯ ಸ್ಪಂಜಿನ ಪಟ್ಟಿಗಳನ್ನು ಜೋಡಿಸುವುದು ಅವಶ್ಯಕವು. ಜ್ವರದ ಕಾಲದಲ್ಲಿ ಈ ಕಾಗದವನ್ನೂ ಪಟ್ಟಿಗಳನ್ನೂ ತೆಗೆದುಬಿಡಬೇಕು.

ಬೇಸಿಗೆಯಲ್ಲಿ ತಂಪು

ಒಂದು ಲೀಟರು ನೀರು ಆವಿಯಾಗಿ ಹೋಗುವಾಗ ಸುಮಾರು ಮೂರನೆಯ ಎರಡು ಪಾಲು ಯೂನಿಟ್ಟಿಗೆ ಸಮನಾದ ಬಿಸಿಯನ್ನು ಹವೆಯಿಂದ ಹೀರಿಕೊಳ್ಳುವುದು. ಒದ್ದೆ ಗೋಣಿಯ ಪರದೆ, ಲಾವಂಚದ ತಟ್ಟಿ, ಇಂದಿನ ನೀರಿನ ಕೂಲರು ಇವೆಲ್ಲವೂ ಕೆಲಸ ಮಾಡುವುದು ಈ ಒಂದೇ ತತ್ತ್ವದಿಂದ. ಇವುಗಳ ಶಕ್ತಿಗೆ ಒಂದು ಮಿತಿಯುಂಟು. ಎಷ್ಟೇ ದೊಡ್ಡ ಕೂಲರಾದರೂ ಒದ್ದೆ ಬುರುಡೆಯು ತೋರಿಸುವ ಅಂಕಿಗಿಂತ ಕೆಳಕ್ಕೆ ಹವೆಯನ್ನು ತಂಪು ಮಾಡಲಾರದು. ಸಾಧಾರಣವಾದ ಕೂಲರು ಎರಡು ಅಂಕಿಗಳ ಅಂತರದಲ್ಲಿ ಸುಮಾರು ಮುಕ್ಕಾಲು ಪಾಲನ್ನು ಇಳಿಸುವುದು.

ಇದರಿಂದ ಕೊಳ್ಳುವುದಕ್ಕೆ ಮುಂಚೆಯೇ ಲೆಕ್ಕ ಹಾಕಬಹುದು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಒಣ ಬುರುಡೆ ೩೬, ಒದ್ದೆ ಬುರುಡೆ ೨೨ ಇದ್ದರೆ ಅಂತರವು ೧೪. ಅದರ ಮುಕ್ಕಾಲು ಹತ್ತೂವರೆ. ಕೂಲರಿನಿಂದ ಹೊರಡುವ ಹವೆಯು ೨೫ೂವರೆ ಡಿಗ್ರಿಗೆ ಇಳಿದು, ಅದರ ತೇವವು ೩೦ರ ಒಳಗಿನಿಂದ ೭೪ರ ಸುಮಾರಿಗೆ ಏರುವುದು. ನಾಲ್ಕನೆಯ ಹಂತದ ಹುಳುವಿಗೆ ಇದಕ್ಕಿಂತ ಹಿತವಾದುದಿಲ್ಲ. ಆದರೆ ಮಳೆಗಾಲದ ಒಂದು ದಿವಸ ಒಣ ಬುರುಡೆ ೨೭, ಒದ್ದೆ ಬುರುಡೆ ೨೫ ಇದ್ದರೆ ಅದೇ ಕೂಲರು ಒಂದೂವರೆ ಡಿಗ್ರಿಯನ್ನು ಮಾತ್ರ ಇಳಿಸಿ, ತೇವವನ್ನು ೯೬ಕ್ಕೆ ಏರಿಸಿಬಿಡುವುದು. ಅಂದು ದೊಡ್ಡ ಹುಳುವಿನ ಮನೆಯಲ್ಲಿ ಕೂಲರನ್ನು ನಡೆಸಿದರೆ ರೋಗವನ್ನು ತಾವೇ ಕರೆದಂತಾಗುವುದು. ಅಂತರವು ಐದು ಡಿಗ್ರಿಗಿಂತ ಕಡಿಮೆಯಿದ್ದಾಗ ಕೂಲರಿನಲ್ಲಿ ನೀರನ್ನು ನಿಲ್ಲಿಸಿ ಬರಿಯ ಗಾಳಿಯನ್ನು ಮಾತ್ರ ಬಿಡುವುದು ಕ್ಷೇಮವು.

ಕೂಲರನ್ನು ಕಿಟಕಿಯ ಹೊರಗೆ ನೆರಳಿನಲ್ಲಿ ಇಟ್ಟು, ಹೊಸ ಗಾಳಿಯನ್ನೇ ಎಳೆದುಕೊಳ್ಳುವಂತೆಯೂ, ಎದುರು ಗೋಡೆಯ ಗವಾಕ್ಷಿಯಿಂದ ಹಳೆಯ ಗಾಳಿ ಹೊರಹೋಗುವಂತೆಯೂ ಮಾಡಬೇಕು. ಬಾಗಿಲುಗಳನ್ನೆಲ್ಲಾ ಮುಚ್ಚಿ ಒಳಗಿನ ಗಾಳಿಯನ್ನೇ ತಿರುಗಿಸಿದರೆ ಕೆಲವು ಗಂಟೆಗಳಲ್ಲಿ ತಂಪು ಹೋಗಿ ಒದ್ದೆ ಮಾತ್ರ ಉಳಿಯುವುದು. ಗಾಳಿಯು ನೇರವಾಗಿ ಹುಳುವಿನ ಮೇಲೆ ಬೀಸಕೂಡದು. ಟೊಮೇಟೊ, ದ್ರಾಕ್ಷಿ ಮೊದಲಾದ ತೋಟಗಳ ಕಡೆಗೆ ಕೂಲರಿನ ಬಾಯಿಯನ್ನು ತಿರುಗಿಸಿಡಕೂಡದು. ಅಲ್ಲಿ ಸಿಂಪಡಿಸಿದ ಕೀಟನಾಶಕವು ಗಾಳಿಯೊಡನೆ ಬಂದು ಮನೆಯ ಹುಳುಗಳನ್ನೆಲ್ಲಾ ಕೊಲ್ಲಬಹುದು. ಸೊಳ್ಳೆಬತ್ತಿಯ ಹೊಗೆಯೂ ಅಷ್ಟೇ ಅಪಾಯಕರವು.

ಹವಾನಿಯಂತ್ರಕ ಯಂತ್ರವು ಯಾವ ಕಾಲದಲ್ಲಿಯೂ ತಂಪು ಮಾಡಬಲ್ಲುದು ನಿಜ. ಆದರೆ ಒಂದೂವರೆ ಟನ್ನಿನ ಯಂತ್ರವು ನಡೆಯುವಾಗ ೧೫೦೦ ವಾಟಿನ ಸುಮಾರು ವಿದ್ಯುತ್ತನ್ನು ಬೇಡುವುದು. ಕೂಲರಿಗೆ ೨೦೦ ವಾಟು ಸಾಕು. ಅಲ್ಲದೆ ಆ ಯಂತ್ರವು ಹವೆಯ ತೇವವನ್ನು ಹಿಂಡಿ ತೆಗೆಯುವುದರಿಂದ ಎಳೆಯ ಹುಳುವಿನ ಕೋಣೆಯಲ್ಲಿ ಪ್ರತ್ಯೇಕವಾಗಿ ತೇವವನ್ನು ಒದಗಿಸಬೇಕಾಗುವುದು. ಹೊಸ ಗಾಳಿಯನ್ನೂ ಅದು ತರುವುದಿಲ್ಲ. ಅನೇಕ ರೈತರಿಗೆ ಹುಳು ಹಂಚುವ ದೊಡ್ಡ ಚಾಕಿ ಕೇಂದ್ರಗಳಿಗೆ ಇದು ಒಪ್ಪಬಹುದು. ಬಯಲು ಸೀಮೆಯ ಸಾಧಾರಣ ಹುಳು ಮನೆಗೆ ನೆರಳು, ಒಳಮಾಡು, ಒಂದು ಕೂಲರು ಇಷ್ಟೇ ಸಾಕು.

ಮಳೆಗಾಲದಲ್ಲಿ ಯಂತ್ರಕ್ಕಿಂತ ಗಾಳಿಯೇ ಮುಖ್ಯವು. ಕಿಟಕಿಗಳನ್ನು ತೆರೆದಿಟ್ಟು, ಹಾಸಿಗೆಯನ್ನು ತೆಳುವಾಗಿ ಹರಡಿ, ಒದ್ದೆ ಸೊಪ್ಪನ್ನು ಹಾಕದೆ, ಅರಳಿದ ಸುಣ್ಣದ ಪುಡಿಯನ್ನು ತೆಳ್ಳಗೆ ಉದುರಿಸುವುದರಿಂದ ತೇವವು ಹತೋಟಿಗೆ ಬರುವುದು.

ಸಲಕರಣೆಗಳ ಪಾಲನೆ

ಒಂದು ಬೆಳೆ ಮುಗಿದು ಮತ್ತೊಂದು ಬೆಳೆ ಆರಂಭವಾಗುವ ಮುನ್ನ ಸಲಕರಣೆಗಳನ್ನು ಸರಿಪಡಿಸಿಕೊಳ್ಳತಕ್ಕದ್ದು. ಕೂಲರಿನ ತೊಟ್ಟಿಯ ನೀರನ್ನು ವಾರಕ್ಕೊಮ್ಮೆ ಪೂರ್ತಿಯಾಗಿ ಚೆಲ್ಲಿ ಉಜ್ಜಿ ತೊಳೆಯಬೇಕು. ಗಡಸು ನೀರಿರುವ ಊರುಗಳಲ್ಲಿ ಇದನ್ನು ಇನ್ನೂ ಬೇಗ ಬೇಗ ಮಾಡದಿದ್ದರೆ ಪರದೆಗಳಲ್ಲಿ ಸುಣ್ಣ ಕಟ್ಟಿ ಗಾಳಿಯ ದಾರಿಯೇ ಮುಚ್ಚುವುದು. ಮರದ ನಾರಿನ ಪರದೆಗಳನ್ನು ವರ್ಷಕ್ಕೊಮ್ಮೆ ಬದಲಾಯಿಸಬೇಕು. ರೋಗ ಬಿದ್ದ ಬೆಳೆಯ ನಂತರವಾದರೆ ಹಳೆಯ ಪರದೆಯನ್ನು ಸುಟ್ಟುಬಿಡುವುದೇ ಲೇಸು.

ಮನೆಯನ್ನು ಶುದ್ಧಿಮಾಡಲು ನೂರಕ್ಕೆ ೨ರ ಬ್ಲೀಚಿಂಗ್ ಪುಡಿಯನ್ನು ೦.೩ರ ಸುಣ್ಣದ ತಿಳಿಯಲ್ಲಿ ಕಲಸಿ ಸಿಂಪಡಿಸುವ ಪದ್ಧತಿಯುಂಟು. ಈ ದ್ರಾವಣವು ಲೋಹವನ್ನು ತಿನ್ನುವುದರಿಂದ ಹೀಟರನ್ನೂ ಮೋಟಾರನ್ನೂ ಮೊದಲೇ ಹೊರಕ್ಕೆ ಸಾಗಿಸಿ, ಬೇರೆಯಾಗಿ ಒರೆಸಿಡಬೇಕು. ವಿದ್ಯುತ್ ತಂತಿಗಳ ಹೊದಿಕೆಯನ್ನು ಇಲಿ ಕಡಿದಿದೆಯೇ ಎಂಬುದನ್ನು ನೋಡಿ, ಭೂಮಿಗೆ ಸೇರಿಸುವ ತಂತಿಯನ್ನು ಬಲ್ಲವನಿಂದ ಪರೀಕ್ಷೆ ಮಾಡಿಸತಕ್ಕದ್ದು. ಒದ್ದೆ ನೆಲದ ಮೇಲೆ ನಿಂತು ಕೂಲರಿನ ನೀರನ್ನು ಮುಟ್ಟುವವರು ಹೆಂಗಸರೂ ಮಕ್ಕಳೂ ಆಗಿರುವುದರಿಂದ ಈ ಎಚ್ಚರಿಕೆಯು ಅತ್ಯವಶ್ಯಕವು. ವಿದ್ಯುತ್ತು ನಿಂತುಹೋದ ರಾತ್ರಿಗಳಿಗಾಗಿ ಗೋಣಿಪರದೆಗಳನ್ನೂ ಮೇಣದ ಕಾಗದವನ್ನೂ ಸದಾ ಸಿದ್ಧವಾಗಿಟ್ಟುಕೊಳ್ಳಬೇಕು.

ಗ್ರಾಮದ ಮುಖಂಡರ ಕರ್ತವ್ಯ

ಮೇಲೆ ಹೇಳಿದ ಏರ್ಪಾಡುಗಳಲ್ಲಿ ಕೆಲವು ಒಬ್ಬ ಸಣ್ಣ ರೈತನ ಶಕ್ತಿಗೆ ಮೀರಿರಬಹುದು. ಅಂತಹ ಕಡೆ ಹತ್ತಾರು ಕುಟುಂಬಗಳು ಸೇರಿ ಒಂದು ಚಾಕಿ ಮನೆಯನ್ನು ನಡೆಸಿದರೆ, ಹೆಚ್ಚು ಬಿಸಿಯೂ ಹೆಚ್ಚು ತೇವವೂ ಬೇಕಾದ ಮೊದಲ ಎರಡು ಹಂತಗಳು ಒಂದೇ ಸೂರಿನ ಕೆಳಗೆ ಕಡಿಮೆ ಖರ್ಚಿನಲ್ಲಿ ಕಳೆಯುವುವು. ಎರಡನೆಯ ಜ್ವರದಿಂದ ಎದ್ದ ಗಟ್ಟಿಹುಳುಗಳನ್ನು ಪ್ರತಿಯೊಬ್ಬನೂ ತನ್ನ ಮನೆಗೆ ಒಯ್ದು ಸಾಕಬಹುದು. ಇದರಿಂದ ಚಳಿಗಾಲದ ರಾತ್ರಿ ಮನೆ ಮನೆಯಲ್ಲಿ ಕೆಂಡದ ಒಲೆ ಹೊತ್ತಿಸುವ ಅಗತ್ಯವೂ ಬಹುಮಟ್ಟಿಗೆ ತಪ್ಪುವುದು. ಮುಖಂಡರು ಮುಂದೆ ನಿಂತು ಸ್ಥಳವನ್ನು ಒದಗಿಸಿದರೆ ಉಳಿದವರು ಕೂಡಿಕೊಳ್ಳಲು ಹಿಂಜರಿಯಲಾರರು. ಕಟ್ಟಡದ ನಕ್ಷೆ ಮತ್ತು ಸಹಾಯಧನದ ನಿಯಮಗಳನ್ನು ಹತ್ತಿರದ ರೇಷ್ಮೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ, ಕೆಲಸಕ್ಕೆ ಕೈಹಾಕುವ ಮುಂಚೆಯೇ ತಿಳಿದುಕೊಳ್ಳುವುದು ಉತ್ತಮವು.

ಇವೆಲ್ಲಕ್ಕೂ ಮೊದಲು ಆಗಬೇಕಾದ ಕೆಲಸವು ಬಹಳ ಚಿಕ್ಕದು. ಊರಿನ ಪ್ರತಿಯೊಂದು ಹುಳು ಮನೆಯಲ್ಲಿಯೂ ಎರಡು ಬುರುಡೆಯ ಉಷ್ಣಮಾಪಕವು ತೂಗುತ್ತಿರಬೇಕು, ಅದರ ಪಕ್ಕದಲ್ಲಿ ದಿನವೂ ತುಂಬುವ ಒಂದು ಹಾಳೆಯಿರಬೇಕು. ಒಂದು ಕೂಲರಿನ ಬೆಲೆಯ ಅಲ್ಪಭಾಗಕ್ಕೆ ಈ ಉಪಕರಣವು ದೊರೆಯುವುದು. ಮುಂದಿನ ಬೆಳೆಗೆ ಮೊಟ್ಟೆಯನ್ನು ತರುವುದರೊಳಗಾಗಿ ಇಷ್ಟನ್ನು ಮಾಡಿದ ಗ್ರಾಮದಲ್ಲಿ, ಯಾವ ಯಂತ್ರವನ್ನು ಕೊಳ್ಳಬೇಕೆಂಬ ಪ್ರಶ್ನೆಗೆ ಉತ್ತರವು ಆ ಹಾಳೆಗಳಲ್ಲಿಯೇ ದೊರೆಯುವುದು.